ನಾಲ್ಕು ಕೇಳಿದ್ರೆ ಎರಡೋ ಎಂಟೋ

ಬೆಳಿಗ್ಗೆಯಿಂದ ಬೆರಳ ತುದಿ ಚುರುಚುರು ಅಂತಿದೆ. ನಿನ್ನೆ ಭಾನುವಾರ ಪೂರ್ತಿ ಕಾರಿನ ಡಿಕ್ಕಿ ಒಳಗೆ ತಲೆ ತೂರಿಸ್ಕೊಂಡು, ಸ್ಪೀಕರ್ ವೈರಿನ ಸಿಪ್ಪೆ ಹಲ್ಲಲ್ಲಿ ಕಚ್ಚಿ ಎಳೆದು, ತಾಮ್ರದ ಎಳೆ ಚುಚ್ಚಿಸ್ಕೊಂಡು, ಏಳೋವಾಗೆಲ್ಲ ಡಿಕ್ಕಿ ಬಾಗಿಲಿಗೆ ಡಿಕ್ಕಿ ಹೊಡ್ಕೊಂಡು (ಆ ಜಾಗಕ್ಕೆ ಆ ಹೆಸರಿಟ್ಟೋನು ಅನುಭವಸ್ಥನೇ ಇರ್ಬೇಕು) ಕೊನೆಗೆ ಸಾಧಿಸಿದ್ದು ಏನಪ್ಪಾ ಅಂದ್ರೆ ಆಂಪ್ಲಿಫೈಯರ್ ಮೇಲೆ ಒಂದು ಪುಟ್ಟ ಕೆಂಪು ದೀಪ. ಪ್ರೊಟೆಕ್ಟ್ ಲೈಟ್ ಅಂತಾರೆ ಅದಕ್ಕೆ. "ನನ್ ಕೈಲಾಗಲ್ಲ, ಸಾಯಿಸ್ಬೇಡಿ" ಅಂತ ಆಂಪ್ ಹೇಳೋ ರೀತಿ ಅದು.

ತಪ್ಪು ನಂದೇ, ಒಪ್ಕೊತೀನಿ. ನನ್ನ ಆಂಪ್ ಎರಡು ಚಾನೆಲ್‌ದು, ಸಬ್‌ವೂಫರ್‌ಗೆ (ಗುಡುಗೋ ಬಾಸ್ ಸದ್ದಿಗೆ ಅಂತಲೇ ಇರೋ ದೊಡ್ಡ ಸ್ಪೀಕರ್) ಬ್ರಿಡ್ಜ್ ಮಾಡಿ, ಅಂದ್ರೆ ಎರಡೂ ಚಾನೆಲ್ ಸೇರಿಸಿ ಒಂದಕ್ಕೇ ಕೊಡ್ಬೇಕು, ಬ್ರಿಡ್ಜ್ ಮಾಡಿದ್ರೆ ಸ್ಪೀಕರಿನ ತಡೆ 4 ಓಮ್‌ಗಿಂತ ಕೆಳಗೆ ಇಳೀಬಾರ್ದು ಅಂತ ಅದರ ಬೆನ್ನ ಮೇಲೇ ಬರ್ದಿದೆ. ಅದನ್ನ ಓದ್ಕೊಂಡೇ 12 ಇಂಚಿನ ವೂಫರ್ ತರಿಸಿದ್ದು. ಡಬ್ಬದ ಮೇಲೆ ಇಷ್ಟು ದಪ್ಪ 4, ಪಕ್ಕದಲ್ಲಿ ಕುದುರೆ ಲಾಳದ ಥರ ಓಮ್ ಚಿಹ್ನೆ. ಆಂಪ್‌ಗೂ ನಾಲ್ಕು, ವೂಫರ್‌ಗೂ ನಾಲ್ಕು, ಜಾತಕ ಕೂಡ್ತು ಅಂತ ಖುಷಿಯಲ್ಲಿದ್ದೆ. ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಕೆ 'ಡ್ಯುಯಲ್ ವಾಯ್ಸ್ ಕಾಯಿಲ್' ಅಂತ ಬರ್ದಿದ್ದು ಕಣ್ಣಿಗೆ ಬೀಳ್ಲಿಲ್ಲ. ಅಂದ್ರೆ ಒಳಗೆ ಸ್ಪೀಕರನ್ನ ಅದುರಿಸೋ ಎರಡು ಕಾಯಿಲ್ (ತಂತಿ ಸುರುಳಿ), ಒಂದೊಂದೂ 4 ಓಮ್. ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಕೊಟ್ರೆ ಎರಡೂ ಕೂಡಿ 8. ಪ್ಯಾರಲಲ್, ಅಂದ್ರೆ ಅಕ್ಕಪಕ್ಕ, ಕೊಟ್ರೆ ಅರ್ಧ ಆಗಿ 2. ನಾಲ್ಕು ಅಂತ ಬರ್ದಿರೋ ಈ ವಸ್ತುವಿನ ಎರಡೂ ಕಾಯಿಲ್ ಬಳಸ್ಕೊಂಡು ನೀವು ಏನೇ ತಿಪ್ಪರಲಾಗ ಹಾಕಿದ್ರೂ ಬರ್ದೇ ಇರೋ ಒಂದೇ ಒಂದು ಸಂಖ್ಯೆ ನಾಲ್ಕು. ಇನ್ನೂ ಉರಿಸೋ ವಿಷ್ಯ ಅಂದ್ರೆ, ಅದರ ಪಕ್ಕದಲ್ಲೇ ಇದ್ದ, ನಾನು ಮುಖ ತಿರುಗಿಸಿದ, 2 ಓಮ್ ಅಂತ ಬರ್ದಿದ್ದ ಎರಡು ಕಾಯಿಲಿನ ವೂಫರ್‌ನ ಸೀರೀಸ್ ಮಾಡಿದ್ರೆ ಕರೆಕ್ಟಾಗಿ ನಾಲ್ಕು ಬರ್ತಿತ್ತು.

ಇಷ್ಟು ನಂಗೊಬ್ಬನಿಗೇ ಆಗಿದ್ರೆ ಡಬ್ಬ ಮುಚ್ಚಿಟ್ಟು ಮಲಗ್ತಿದ್ದೆ. ಆದ್ರೆ ಮನೇಲಿ ಭಾಮೈದ ಇದ್ದ. ಅವನಿಗೊಂದು ಅಭ್ಯಾಸ. ಯಾವ ಕೆಲಸಕ್ಕೆ ಕೈ ಹಾಕೋ ಮುಂಚೆನೂ "ಏನಿಲ್ಲ ಭಾವ, ಸಿಂಪಲ್ಲು" ಅಂತಾನೆ. ಇದನ್ನ ಅವನು ನಲ್ಲಿ ರಿಪೇರಿಗೂ ಹೇಳಿದ್ದ, ಆಮೇಲೆ ಎರಡು ದಿನ ಬಕೆಟ್ಟಲ್ಲಿ ನೀರು ಹೊತ್ವಿ. ಮಿಕ್ಸಿಗೂ ಹೇಳಿದ್ದ, ಅದು ಈಗ ಅಟ್ಟದ ಮೇಲಿದೆ. ಆ ಮಾತು ಕೇಳಿದ ತಕ್ಷಣ ನನ್ನ ಹೆಂಡತಿ, ಅವನ ಸ್ವಂತ ಅಕ್ಕ, ಹೋಗಿ ಮೇನ್ ಸ್ವಿಚ್ ಪಕ್ಕ ನಿಂತ್ಕೊತಾಳೆ.

"ಏನಿಲ್ಲ ಭಾವ, ಸಿಂಪಲ್ಲು. ಪ್ಯಾರಲಲ್ ಹೊಡಿಯೋಣ. ಓಮ್ ಅರ್ಧ ಆದ್ರೆ ಪವರ್ ಡಬಲ್."

ಲೆಕ್ಕ ಸರಿನೇ. ಅದೇ ವೋಲ್ಟೇಜಿಗೆ ತಡೆ ಅರ್ಧ ಆದ್ರೆ ಕರೆಂಟು ಎರಡರಷ್ಟು ಹರಿಯುತ್ತೆ, ಪವರ್ರೂ ಎರಡರಷ್ಟು. ಆದ್ರೆ ಅಷ್ಟು ಕರೆಂಟು ಕೊಡೋ ತಾಕತ್ತು ಆಂಪ್‌ಗೆ ಇರ್ಬೇಕಲ್ಲ. ಬ್ರಿಡ್ಜ್ ಮಾಡಿದಾಗ ಎರಡು ಚಾನೆಲ್ಲೂ ಹೆಗಲು ಕೊಟ್ಟು ಹೊರ್ತಿರ್ತವೆ, ಒಂದೊಂದಕ್ಕೂ ಕಾಣೋದು ಹೊರಗಿರೋದರ ಅರ್ಧ ಓಮ್ ಮಾತ್ರ. ಹಂಗಾಗಿ ನಾವು ಕೊಟ್ಟ 2 ಓಮ್ ಒಳಗೆ ಒಂದೊಂದು ಚಾನೆಲ್‌ಗೆ 1 ಓಮ್ ಆಗಿ ಕೂತಿತ್ತು. ನಾಲ್ಕು ನಿಮಿಷ ಎದೆ ಅದುರೋ ಹಂಗೆ ಬಡೀತು, ಭಾಮೈದ ಕಾಲರ್ ಎತ್ತಿಕೊಂಡ, ಐದನೇ ನಿಮಿಷಕ್ಕೆ ಕೆಂಪು ದೀಪ. ಆಂಪ್ ಮುಟ್ಟಿದ್ರೆ ಇಸ್ತ್ರಿಪೆಟ್ಟಿಗೆ.

"ಓಮ್ ಕಮ್ಮಿ ಆದ್ರೆ ಒಳ್ಳೇದಲ್ವಾ, ಭಾರ ಕಮ್ಮಿ ಆಯ್ತಲ್ಲ" ಅಂದ್ಲು ಹೆಂಡತಿ. ನಾನು ಹತ್ತನೇ ಕ್ಲಾಸಿನ ರೋಧ, ಸರಣಿ ಜೋಡಣೆ, ಸಮಾಂತರ ಜೋಡಣೆ ಎಲ್ಲಾ ನೆನಪಿಸ್ಕೊಂಡು ಇಲ್ಲ ಕಣೇ, ಕಮ್ಮಿ ಓಮ್ ಅಂದ್ರೇನೇ ಜಾಸ್ತಿ ಭಾರ ಅಂತ ವಿವರಿಸೋಕೆ ಹೊರಟೆ. ಜರ್ಮನಿಯ ಗಿಯಾರ್ಗ್ ಓಮ್ ಅನ್ನೋ ಮೇಷ್ಟ್ರು 1827ರಲ್ಲಿ ಈ ನಿಯಮದ ಪುಸ್ತಕ ತಂದಾಗ ಅಲ್ಲಿನ ಪಂಡಿತರು ಅಷ್ಟಾಗಿ ಕಿವಿಗೊಡ್ಲಿಲ್ಲ, ಲಂಡನ್ನಿನ ರಾಯಲ್ ಸೊಸೈಟಿ ಕರೆದು ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಆ ಪಂಡಿತರನ್ನ ಬೈಯೋಕೆ ನಂಗೆ ಬಾಯಿಲ್ಲ, ಯಾಕಂದ್ರೆ ಅದೇ ನಿಯಮ ನನ್ನ ತಲೆಗೆ ಹೋಗೋಕೆ ಹತ್ತನೇ ಕ್ಲಾಸಿಂದ ನಿನ್ನೆ ಮಧ್ಯಾಹ್ನದವರೆಗೂ ಬೇಕಾಯ್ತು. ಒಳಗಿಂದ ಅಮ್ಮ ಬೇರೆ, ನಾವು ಎರಡು ಓಮ್ ಸಾಲಲ್ಲ, ನಾಲ್ಕು ಓಮ್ ಬೇಕು ಅಂತ ಕೂಗಾಡೋದು ಕೇಳಿಸ್ಕೊಂಡು, "ಮನಸ್ಸಿಟ್ಟು ಹೇಳಿದ್ರೆ ಒಂದೇ ಸಾಕು ಕಣೋ" ಅಂದ್ರು.

ಆಮೇಲೆ ಸೀರೀಸ್. 8 ಓಮ್. ಆಂಪ್ ತಣ್ಣಗೆ, ದೀಪ ಹಸಿರು. ಆದ್ರೆ ಬಾಸ್ ಬರ್ತಿದ್ದಿದ್ದು ಪಕ್ಕದ ಮನೇಲಿ ಯಾರೋ ಬಾಗಿಲು ಹಾಕಿದಂಗೆ. ನಂಗೆ ಅಷ್ಟೇ ಸಾಕಿತ್ತು ನಿಜ ಹೇಳ್ಬೇಕಂದ್ರೆ. ಭಾಮೈದನಿಗೆ ಸಾಲ್ಲಿಲ್ಲ. ಮಲ್ಟಿಮೀಟರ್ ತಂದ. ಒಂದು ಕಾಯಿಲ್ ಅಳೆದ್ರೆ 3.6. "ಭಾವ, ನಾಲ್ಕು ಅಂತ ಮೋಸ ಮಾಡಿದಾರೆ!" ಮೋಸ ಅಲ್ಲಪ್ಪಾ, ಮೀಟರ್ ಅಳೆಯೋದು ಬರೀ ಡಿಸಿ ರೋಧ, ಅಂದ್ರೆ ಒಂದೇ ದಿಕ್ಕಲ್ಲಿ ಹರಿಯೋ ಕರೆಂಟಿಗೆ ಇರೋ ತಡೆ, ಹಾಡು ಓಡೋವಾಗ ದಿಕ್ಕು ಬದಲಿಸೋ ಕರೆಂಟಿಗೆ ಇರೋದು ಇಂಪೀಡೆನ್ಸ್ ಅನ್ನೋ ತಡೆ, ಅದು ಫ್ರೀಕ್ವೆನ್ಸಿ ಬದಲಾದಂಗೆ ಏರುತ್ತೆ ಇಳಿಯುತ್ತೆ, ಡಬ್ಬದ ಮೇಲಿನ ನಾಲ್ಕು ಅನ್ನೋದು ಹೆಸರಿಗೆ ಮಾತ್ರ ಅಂದೆ. ಇಷ್ಟು ಹೇಳೋವಷ್ಟರಲ್ಲಿ ಅವನು ಎಲ್ಲಾ ವೈರ್ ಕಿತ್ತು ಮತ್ತೆ ಜೋಡಿಸಿದ್ದ. "ಏನಿಲ್ಲ ಭಾವ..."

ಹಾಡು ಹಾಕಿದ್ವಿ. ನಿಶ್ಶಬ್ದ. ವಾಲ್ಯೂಮ್ ಏರಿಸಿದ್ವಿ, ಇನ್ನೂ ಏರಿಸಿದ್ವಿ. ದೀಪ ಹಸಿರಾಗೇ ಇದೆ, ವೈರೆಲ್ಲ ಬಿಗಿಯಾಗಿದೆ, ಡಿಕ್ಕಿ ಒಳಗೆ ಎರಡು ತಲೆ, ಎರಡು ಟಾರ್ಚು, ಮಧ್ಯದಲ್ಲಿ ಆ 12 ಇಂಚಿನ ಕೋನ್ ತಪಸ್ಸಿಗೆ ಕೂತ ಋಷಿ ಥರ ಅಲ್ಲಾಡ್ದೆ ಕೂತಿದೆ. ಭಾಮೈದ ಅದರ ಹತ್ರ ಕಿವಿ ಕೊಟ್ಟ. ನಾನೂ ಕೊಟ್ಟೆ. ಮೂಗಿಗೆ ಬಿಸಿ ವಾರ್ನಿಷ್ ವಾಸನೆ ಬಂತು. ಆಗ ಹೊಳೀತು, ಇವನು ಒಂದು ಕಾಯಿಲ್‌ನ ಪ್ಲಸ್ ಮೈನಸ್ ತಿರುಗಿಸಿ ಕೊಟ್ಟಿದಾನೆ. ಒಂದು ಕಾಯಿಲ್ ಕೋನನ್ನ ಹೊರಗೆ ನೂಕ್ತಿದೆ, ಇನ್ನೊಂದು ಅಷ್ಟೇ ಜೋರಾಗಿ ಒಳಗೆ ಎಳೀತಿದೆ, ಆಂಪ್ ಸುರಿಯೋ ಪವರ್ರೆಲ್ಲ ಸದ್ದೇ ಇಲ್ದೆ ಬರೀ ಬಿಸಿ ಆಗಿ ಹೋಗ್ತಿದೆ. ಒಂದೇ ಮನೇಲಿದ್ದು ಮಾತು ಬಿಟ್ಟ ಗಂಡ ಹೆಂಡತಿ ಥರ, ಹೊರಗಿಂದ ನೋಡೋರಿಗೆ ಎಷ್ಟು ಶಾಂತಿ, ಒಳಗೆ ಮಾತ್ರ ಬೆಂಕಿ. ಇದನ್ನ ಜೋರಾಗೇ ಹೇಳ್ಬಿಟ್ಟೆ. ಹೆಂಡತಿ ಮೇನ್ ಸ್ವಿಚ್ ಬಿಟ್ಟು ಹೊರಗೆ ಬಂದಿದ್ದು ಗೊತ್ತಿರ್ಲಿಲ್ಲ.

ಯಾವ ತುದಿ ಪ್ಲಸ್ಸು ಅಂತ ಪರೀಕ್ಷೆ ಮಾಡೋಕೆ ಒಂದೂವರೆ ವೋಲ್ಟಿನ ಸೆಲ್ ಸಾಕು. ಸೆಲ್ಲಿನ ಪ್ಲಸ್ಸು ಕಾಯಿಲ್ ಪ್ಲಸ್ಸಿಗೆ ತಾಗಿಸಿದ್ರೆ ಕೋನ್ ಹೊರಗೆ ಜಿಗಿಯುತ್ತೆ, ಉಲ್ಟಾ ಆದ್ರೆ ಒಳಗೆ ಹೋಗುತ್ತೆ. ಭಾಮೈದ ಎಲ್ಲಿಂದಲೋ ಒಂದು ಸೆಲ್ ತಂದ. ತಾಗಿಸಿದ, 'ಟಪ್' ಅಂತ ಸದ್ದು ಮಾಡಿ ಕೋನ್ ಎದ್ದು ಬಂತು. ಏನೋ ಗೊತ್ತಿಲ್ಲ, ಆ ಟಪ್ ಕೇಳಿ ಒಂದು ಕ್ಷಣ ಸುಮ್ನಾಗ್ಬಿಟ್ಟೆ. ಚಿಕ್ಕವನಿದ್ದಾಗ ಅಪ್ಪ ಕೆಟ್ಟ ಟೇಪ್ ರೆಕಾರ್ಡರಿನ ಸ್ಪೀಕರ್ ಬಿಚ್ಚಿ ಮಡಿಕೆ ಬಾಯಿಗೆ ಮಕಾಡೆ ಇಟ್ಟಿದ್ರು, ಮೊದಲು ಹಿಂಗೇ ಸೆಲ್ ತಾಗಿಸಿ ಟಪ್ ಅನ್ಸಿ ನನ್ನ ಮುಖ ನೋಡಿದ್ರು. ಎರಡೇ ವೈರು. ಅದಕ್ಕೆ ಎಷ್ಟು ಓಮ್ ಅಂತ ಅವರು ಕೇಳಿರ್ಲಿಲ್ಲ, ಮಡಿಕೆನೂ ಕೇಳಿರ್ಲಿಲ್ಲ. ಆ ಬಾಸ್ ಮತ್ತೆ ಯಾವ ಡಬ್ಬದಿಂದಲೂ ಬಂದಿಲ್ಲ ನಂಗೆ.

ಕತ್ತಲಾದ್ಮೇಲೆ ಭಾಮೈದ ರಟ್ಟಿನ ಮೇಲೆ ಚಿತ್ರ ಬರೆದು ತೋರಿಸಿದ. ಇದೇ ಥರದ್ದು ಇನ್ನೊಂದು ವೂಫರ್ ತರೋದು, ಒಂದೊಂದರ ಕಾಯಿಲ್ ಸೀರೀಸ್ ಮಾಡಿದ್ರೆ 8 ಮತ್ತು 8, ಆ ಎರಡು ಎಂಟನ್ನ ಪ್ಯಾರಲಲ್ ಮಾಡಿದ್ರೆ 4. ಮೂರು ಸಲ ಕೂಡಿ ಕಳೆದು ನೋಡ್ದೆ, ಜೀವಮಾನದಲ್ಲಿ ಮೊದಲನೇ ಸಲ ಅವನು ಹೇಳಿದ್ದು ಸರಿ ಇತ್ತು. ಅದೇ ಹೊಟ್ಟೆ ಉರಿ. ಒಂದೇ ಕಾಯಿಲ್‌ಗೆ ಕೊಟ್ಟು ಇನ್ನೊಂದನ್ನ ಹಂಗೇ ಬಿಡೋಣ, ನಾಲ್ಕೇ ಸಿಗುತ್ತಲ್ಲ ಅಂತ ನಾನಂದೆ. ಸಿಗುತ್ತೆ, ಆದ್ರೆ ವೂಫರ್ ತಡ್ಕೊಳೋ ಪವರ್ ಅರ್ಧಕ್ಕಿಳಿಯುತ್ತೆ, ಅಷ್ಟಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ ಭಾವ ಅಂದ. ಅದೂ ಸರಿನೇ.

ಇನ್ನೊಂದು ವೂಫರ್ ತರೋ ವಿಷ್ಯ ಅವನ ಅಕ್ಕಂಗೆ ಯಾರು ಹೇಳ್ಬೇಕು ಅಂತ ಡಿಕ್ಕಿ ಒಳಗೇ ಪಿಸುಗುಟ್ಟಿದ್ವಿ. "ಏನಿಲ್ಲ ಭಾವ, ಸಿಂಪಲ್ಲು, ನೀವೇ ಹೇಳಿ" ಅಂದು ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ಟ.

ಇವತ್ತು ಬೆಳಿಗ್ಗೆ ಎದ್ದು ಗೋಡೆ ಗಡಿಯಾರ ನೋಡಿ, ಓ ಇನ್ನೂ ನಾಲ್ಕು ಗಂಟೆ ಅಂತ ಮಗ್ಗುಲಾಗಿ ಮಲಗಿದೋನು ಆಫೀಸಿಗೆ ಒಂದೂವರೆ ಗಂಟೆ ಲೇಟು. ಸೆಲ್ ಇನ್ನೂ ಡಿಕ್ಕಿಯಲ್ಲೇ ಇದೆ.