ಬೋರ್ಡು ಅವರದ್ದು, ಬಾಡಿಗೆ ನಮ್ಮದು

ಅಡಿಕೆಗೆ ಒಳ್ಳೆ ದರ ಬಂದ ವರ್ಷ ಶಿರಸಿಗೆ ಮೊದಲು ಕಾರು ಶೋರೂಮಿನವರು ಬರುತ್ತಾರೆ, ಅವರ ಬೆನ್ನಿಗೇ ಫ್ರಾಂಚೈಸಿಯವರು, ಅಂದರೆ ನಮ್ಮ ಬ್ರ್ಯಾಂಡಿನ ಹೆಸರಲ್ಲಿ ನಿಮ್ಮ ದುಡ್ಡು ಹಾಕಿ ಅಂಗಡಿ ಇಡಿ ಅನ್ನುವವರು. ಟೀ ಕೆಫೆ, ಪಿಜ್ಜಾ, ಬೇಕರಿ, ಸಲೂನು, ಪ್ಲೇಸ್ಕೂಲು. ಬಣ್ಣಬಣ್ಣದ ಪಿಪಿಟಿ, ಅದರ ಕೊನೆಯ ಪುಟದಲ್ಲಿ 'ಒಂದೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್'. ನಾನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನು ತುಂಬುವ ಕೆಲಸದವನು. ಸಹಿ ಹಾಕುವ ಮುಂಚೆ ಕಾಗದ ತೋರಿಸಲು ಬರುವವರು ಕಡಿಮೆ, ಹಾಕಿ ಆದಮೇಲೆ ಬರುವವರೇ ಜಾಸ್ತಿ. ಈ ಸಲ ಅಕ್ಕನ ಮಗ ಫ್ರಾಂಚೈಸಿಯ ಕಾಗದ ಹಿಡಿದು ಮುಂಚೆಯೇ ಬಂದ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪ-ಅಮ್ಮನ ಜೊತೆ ಊರಲ್ಲೇ ಇರುತ್ತೇನೆ ಅನ್ನುವ ಹುಡುಗ. ಊರಿಗೆ ಊರೇ ಮುದುಕರ ಮನೆಯಾಗುತ್ತಿರುವ ಹೊತ್ತಿನಲ್ಲಿ ಅಂಥವನ ಆಸೆಗೆ ತಣ್ಣೀರು ಎರಚಲು ನನಗೂ ಮನಸ್ಸಿಲ್ಲ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ. ಗಿರಾಕಿಗೆ ನಿಮ್ಮ ಪರಿಚಯ ಇಲ್ಲದ ಕಡೆ ಬ್ರ್ಯಾಂಡಿನ ಹೆಸರಿಗೆ ದುಡ್ಡು ಕೊಡಬಹುದು. ಪರಿಚಯ ಇರುವ ಕಡೆ ಕೊಡುವುದು ದಂಡ.

ಹೆದ್ದಾರಿ 66ರಲ್ಲಿ ಗೋವಾದಿಂದ ಮಂಗಳೂರಿಗೆ ಹೋಗುವ ಕುಟುಂಬ ಹೊನ್ನಾವರದಲ್ಲಿ ಕಾರು ನಿಲ್ಲಿಸುತ್ತದೆ ಅಂದುಕೊಳ್ಳಿ. ನೀವು ಎಷ್ಟು ಶುಚಿಯಾಗಿ ಅಡುಗೆ ಮಾಡಿದರೂ ಅವರಿಗೆ ಗೊತ್ತಾಗುವ ದಾರಿ ಇಲ್ಲ. ಪರಿಚಿತ ಬೋರ್ಡು ಕಂಡರೆ ಧೈರ್ಯವಾಗಿ ಒಳಗೆ ಬರುತ್ತಾರೆ. ಗೋಕರ್ಣ, ಮುರ್ಡೇಶ್ವರದಲ್ಲೂ ಹಾಗೆಯೇ. ಕಾರವಾರದಲ್ಲಿ ನೌಕಾನೆಲೆ, ಕೈಗಾ ಇರುವುದರಿಂದ ಉತ್ತರ ಭಾರತದ ಸಂಸಾರಗಳಿವೆ. ಅವರಿಗೆ ತಮ್ಮೂರಿನಲ್ಲಿ ನೋಡಿದ ಹೆಸರು ಇಲ್ಲಿ ಸಿಕ್ಕರೆ ಖುಷಿ. ಅಲ್ಲಿ ಬೋರ್ಡು ದುಡಿಯುತ್ತದೆ, ಅದಕ್ಕೆ ಕೂಲಿ ಕೊಡೋಣ.

ಘಟ್ಟದ ಮೇಲಿನ ಕಥೆ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಂಗಡಿ ಶುರುವಾದರೆ ಜನ ಮೊದಲು ಕೇಳುವುದು 'ಯಾರ ಮನೆ ಹುಡುಗ' ಅಂತ. ಊರಿನ ಹೆಸರು, ಮನೆ ಹೆಸರು, ಅಜ್ಜ ಯಾರು ಅನ್ನುವುದೆಲ್ಲ ವಾರದೊಳಗೆ ಪೇಟೆ ತುಂಬ ಗೊತ್ತಾಗಿರುತ್ತದೆ. ಚಹಾ ಚೆನ್ನಾಗಿದ್ದರೂ ಹೆಸರು ನಿಮ್ಮದೇ, ಕೆಟ್ಟರೂ ನಿಮ್ಮದೇ. 1923ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ ಶಿರಸಿಯಲ್ಲಿ ತನ್ನದೇ ಹೆಸರಲ್ಲಿ ಸೂಪರ್ ಮಾರ್ಕೆಟ್ ನಡೆಸುತ್ತದೆ, ಹೊರಗಿನ ಬೋರ್ಡು ಅದಕ್ಕೆ ಬೇಕಾಗಲಿಲ್ಲ. ಹೀಗಿರುವಾಗ ದಿಲ್ಲಿಯಲ್ಲೋ ಮುಂಬೈಯಲ್ಲೋ ಕೂತವರ ಹೆಸರಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ?

ಅಕ್ಕ ಇದನ್ನೇ ಒಂದೇ ಮಾತಲ್ಲಿ ಕೇಳಿದಳು: "ಅಲ್ದ ತಮಾ, ಜಾಗ ನಮ್ದು, ದುಡ್ಡು ನಮ್ದು, ದುಡಿಮೆ ನಮ್ದು. ಅವ್ಕೆ ಎಂತಕ್ಕೆ ತಿಂಗ್ಳು ತಿಂಗ್ಳು ಕೊಡವು?"

ನಮ್ಮವರಿಗೆ 'ಏಜೆನ್ಸಿ' ಗೊತ್ತು. ಗ್ಯಾಸ್ ಏಜೆನ್ಸಿ, ಸಿಮೆಂಟ್ ಏಜೆನ್ಸಿ, ಬೈಕ್ ಡೀಲರ್‌ಶಿಪ್. ಅಲ್ಲಿ ಮಾಲು ಮಾರಿದ ಹಾಗೆ ನಿಮಗೆ ಕಮಿಷನ್ ಬರುತ್ತದೆ. ಜನೌಷಧಿ ಕೇಂದ್ರವೂ ಆ ಜಾತಿಯದ್ದೇ, ಎಂಆರ್‌ಪಿ ಮೇಲೆ 20% ಮಾರ್ಜಿನ್ ಕೊಡುತ್ತಾರೆ. ಫ್ರಾಂಚೈಸಿಯನ್ನೂ ಜನ ಅದೇ ಅಂದುಕೊಂಡು ಹೋಗುತ್ತಾರೆ. ಆದರೆ ಈ ಕೆಫೆ, ಪಿಜ್ಜಾದವರ ಹತ್ತಿರ ದುಡ್ಡು ಉಲ್ಟಾ ಹರಿಯುತ್ತದೆ: ಸೇರುವಾಗ ಫೀ, ಆಮೇಲೆ ಪ್ರತಿ ತಿಂಗಳು ರಾಯಲ್ಟಿ (ಹೆಸರು ಬಳಸಿದ್ದಕ್ಕೆ ವ್ಯಾಪಾರದಲ್ಲಿ ಪಾಲು), ಅದರ ಮೇಲೆ ಜಾಹೀರಾತಿನ ವಂತಿಗೆ. ಜೊತೆಗೆ ಪುಡಿ, ಸಿರಪ್ಪು, ಕಪ್ಪು ಎಲ್ಲ ಅವರು ಹೇಳಿದ ದರಕ್ಕೆ ಅವರ ಹತ್ತಿರವೇ ಕೊಳ್ಳಬೇಕು. ಎಷ್ಟೋ ಕಂಪನಿಗಳ ನಿಜವಾದ ಲಾಭ ಇರುವುದು ಈ ಸಪ್ಲೈಯಲ್ಲಿ. 'ನಮ್ಮದು ಝೀರೋ ರಾಯಲ್ಟಿ' ಅಂದವರ ಹತ್ತಿರ ಮೊದಲು ಮಾಲಿನ ದರಪಟ್ಟಿ ಕೇಳಿ.

ಈಗ ಲೆಕ್ಕ. ಹುಡುಗನಿಗೆ ಹಾಳೆ ಮೇಲೆ ಬರೆದು ತೋರಿಸಿದ್ದು ಇದು. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ನೀವು ಹಾಕಿಕೊಳ್ಳಿ. ಒಳ್ಳೆಯ ತಿಂಗಳಲ್ಲಿ ಟ್ಯಾಕ್ಸ್ ಬಿಟ್ಟು 4 ಲಕ್ಷ ವ್ಯಾಪಾರ. ಮಾಲಿಗೆ 40%, ಅಂದರೆ 1,60,000. ಬಾಡಿಗೆ 35,000. ನಾಲ್ಕು ಜನರ ಸಂಬಳ 72,000. ಕರೆಂಟು 20,000, ಚಿಲ್ಲರೆ ಖರ್ಚು 15,000. ರಾಯಲ್ಟಿ 6%, ಜಾಹೀರಾತು 2%, ಒಟ್ಟು 32,000. ಅದಕ್ಕೆ 18% ಜಿಎಸ್‌ಟಿ ಸೇರಿ 37,760. ಕೈಯಲ್ಲಿ ಉಳಿಯುವುದು 60,240. ಇಪ್ಪತ್ತು ಲಕ್ಷ ಸಾಲಕ್ಕೆ 11% ಬಡ್ಡಿ, ಐದು ವರ್ಷ ಅಂದರೆ ಕಂತು ಸುಮಾರು 43,500. ಉಳಿದದ್ದು 16,700 ಚಿಲ್ಲರೆ. ಬೆಳಿಗ್ಗೆಯಿಂದ ರಾತ್ರಿ ತನಕ ಗಲ್ಲಾದಲ್ಲಿ ಕೂತ ಮಾಲೀಕನ ಸಂಬಳ ಇದೇ. ಇದು ಒಳ್ಳೆಯ ತಿಂಗಳು, ನೆನಪಿರಲಿ.

ಜುಲೈಯಲ್ಲಿ ವ್ಯಾಪಾರ ಎರಡೂವರೆ ಲಕ್ಷಕ್ಕೆ ಇಳಿಯಿತು ಅನ್ನಿ. ಮಾಲಿನ ಖರ್ಚು ಒಂದು ಲಕ್ಷಕ್ಕೆ ಇಳಿಯುತ್ತದೆ, ಕರೆಂಟು 15,000, ಚಿಲ್ಲರೆ ಖರ್ಚು 10,000. ಬಾಡಿಗೆ, ಸಂಬಳ ಒಂದು ರೂಪಾಯಿ ಇಳಿಯುವುದಿಲ್ಲ. ಎಲ್ಲ ಕಳೆದರೆ ಕಂತಿಗೂ ಮುಂಚೆಯೇ 5,600 ನಷ್ಟ, ಕಂತು ಸೇರಿದರೆ 49,100 ಕೈಯಿಂದ ಹಾಕಬೇಕು. ಅದೇ ತಿಂಗಳು ಕಂಪನಿಗೆ ಹೋದದ್ದು ಟ್ಯಾಕ್ಸ್ ಸೇರಿ 23,600. ರಾಯಲ್ಟಿ ಇರುವುದು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ನೀವು ನಷ್ಟದಲ್ಲಿದ್ದರೂ ಅವರು ನಷ್ಟದಲ್ಲಿರುವುದಿಲ್ಲ. ಇಡೀ ವ್ಯವಹಾರದ ಗುಟ್ಟು ಇದೊಂದೇ ಸಾಲಿನಲ್ಲಿದೆ ಅನ್ನುವುದು ನನ್ನ ಮತ.

ನನ್ನ ಕಸುಬಿನ ಒಂದು ಮಾತು ಹೇಳಿಬಿಡುತ್ತೇನೆ. ಸಾಮಾನ್ಯ ಹೋಟೆಲು, ಕೆಫೆಗಳು ಗಿರಾಕಿಯಿಂದ 5% ಜಿಎಸ್‌ಟಿ ತೆಗೆದುಕೊಳ್ಳುತ್ತವೆ, ಆದರೆ ತಾವು ಕೊಟ್ಟ ಟ್ಯಾಕ್ಸಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ಸರ್ಕಾರಕ್ಕೆ ಕಟ್ಟುವ ಜಿಎಸ್ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ಫೀ, ರಾಯಲ್ಟಿ ಮೇಲಿನ 18% ಪೂರ್ತಿ ನಿಮ್ಮ ತಲೆಯ ಮೇಲೆ. ಐದು ಲಕ್ಷದ ಫೀ ಅಂದರೆ ಅದು 5,90,000. ಪಿಪಿಟಿಯಲ್ಲಿ ಈ ತೊಂಬತ್ತು ಸಾವಿರ ಇರುವುದಿಲ್ಲ, ಪ್ರೊಜೆಕ್ಟ್ ರಿಪೋರ್ಟಿನಲ್ಲೂ ಎಷ್ಟೋ ಸಲ ಇರುವುದಿಲ್ಲ.

ಮಳೆಗಾಲವನ್ನು ನಾನು ಎಳೆದು ತರುತ್ತಿಲ್ಲ, ಈ ಜಿಲ್ಲೆಯಲ್ಲಿ ವ್ಯಾಪಾರದ ಅರ್ಧ ಭವಿಷ್ಯ ಅದರ ಕೈಯಲ್ಲಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬಂದ್. ಬೈತಖೋಲ, ತದಡಿ ಬಂದರುಗಳಲ್ಲಿ ಬೋಟು ದಡ ಸೇರಿದ ಮೇಲೆ ಪೇಟೆಯಲ್ಲಿ ನೋಟು ಓಡಾಡುವುದೂ ಕಡಿಮೆ. ಪ್ರವಾಸಿಗರು ಇಲ್ಲ. ಘಟ್ಟದ ಮೇಲೆ ಅಡಿಕೆ ಇನ್ನೂ ಮರದಲ್ಲಿ, ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಖರ್ಚು ಮಾತ್ರ ಕೈಯಲ್ಲಿ. ಇದರ ಮೇಲೆ ರಸ್ತೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಮೂರು ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಜೀವ ಹೋದ ಜಾಗದಲ್ಲಿ ವ್ಯಾಪಾರದ ಮಾತು ಚಿಕ್ಕದು, ಒಪ್ಪುತ್ತೇನೆ. ಆದರೆ ಬೆಂಗಳೂರಿನಿಂದ ಫ್ರೋಜನ್ ಮಾಲು ತರಿಸಿ ನಡೆಸುವ ಅಂಗಡಿಗೆ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ನಾಲ್ಕು ದಿನ ಮುಚ್ಚಿದರೆ ಏನು ಗತಿ? ಸ್ಥಳೀಯ ಮಾಲು ಬಳಸಿದರೆ ಒಪ್ಪಂದ ಮುರಿದ ಹಾಗೆ. ಇತ್ತ ಹೆಸ್ಕಾಂ ಕರೆಂಟು ಹೋದರೆ ಫ್ರೀಜರ್ ಉಳಿಸಲು ಜನರೇಟರಿಗೆ ಡೀಸೆಲು. ಕಂಪನಿಯವರು ಜಾಗದ ಸರ್ವೆಗೆ ಬರುವುದು ಡಿಸೆಂಬರಿನಲ್ಲಿ, ಇಲ್ಲವೇ ಏಪ್ರಿಲ್ ರಜೆಯಲ್ಲಿ. ನೀವು ಜುಲೈ ತಿಂಗಳ ಒಂದು ಮಂಗಳವಾರ ಸಂಜೆ ಅದೇ ಜಾಗದಲ್ಲಿ ಛತ್ರಿ ಹಿಡಿದು ನಿಂತು ತಲೆ ಎಣಿಸಿ.

ಕಾನೂನಿನ ಆಸರೆ ಎಷ್ಟಿದೆ ಅನ್ನುವುದೂ ಗೊತ್ತಿರಲಿ. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೆ ಕನಿಷ್ಠ 14 ದಿನ ಮುಂಚೆ ಒಂದು ದಾಖಲೆ ಕೊಡಲೇಬೇಕು. ಕಂಪನಿ ಮೇಲಿನ ಕೇಸುಗಳು, ಬಿಟ್ಟುಹೋದವರ ವಿವರ ಎಲ್ಲ ಅದರಲ್ಲಿ ಇರಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ, ಇಂಥವುಗಳಲ್ಲೇ ನಡೆಯಬೇಕು. ಅಂದರೆ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ವೇದ. ತಕರಾರು ಬಂದರೆ ಮಧ್ಯಸ್ಥಿಕೆ ಗುರುಗ್ರಾಮದಲ್ಲಿ ಅಂತ ಬರೆದಿದ್ದರೆ ಶಿರಸಿಯಿಂದ ನೀವು ಅಲ್ಲಿಗೇ ಹೋಗಬೇಕು. ಒಪ್ಪಂದ ಜಾರಿಯಲ್ಲಿರುವಾಗ ಎದುರಾಳಿ ವ್ಯಾಪಾರ ಮಾಡಬಾರದು ಅನ್ನುವ ಷರತ್ತು ನಡೆಯುತ್ತದೆ ಎಂದು ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಕದಲ್ಲೇ ನಿಮ್ಮ ಸ್ವಂತ ಕಷಾಯದ ಅಂಗಡಿ ಇಡುವ ಆಲೋಚನೆ ಇದ್ದರೆ ಆ ಪುಟವನ್ನು ಎರಡು ಸಲ ಓದಿ. ಇನ್ನು ಹೆಸರನ್ನು ಕೊಟ್ಟವರೇ ವಾಪಸ್ ಕಿತ್ತುಕೊಳ್ಳಬಹುದು: 2017ರಲ್ಲಿ ಮೆಕ್‌ಡೊನಾಲ್ಡ್ಸ್ ಉತ್ತರ ಮತ್ತು ಪೂರ್ವ ಭಾರತದ 169 ಅಂಗಡಿ ನಡೆಸುತ್ತಿದ್ದ ತನ್ನ ಪಾಲುದಾರ ಕಂಪನಿಯ ಒಪ್ಪಂದ ರದ್ದು ಮಾಡಿತು, ಜಗಳ ಮುಗಿದದ್ದು 2019ರಲ್ಲಿ. ಅಷ್ಟು ದೊಡ್ಡವರಿಗೇ ಹಾಗಾದರೆ ನಾವು ಯಾವ ಲೆಕ್ಕ.

ಹಾಗಂತ ಎಲ್ಲ ಫ್ರಾಂಚೈಸಿಯೂ ಬೇಡ ಅನ್ನುತ್ತಿಲ್ಲ. ರಕ್ತಪರೀಕ್ಷೆಯ ಕಲೆಕ್ಷನ್ ಸೆಂಟರ್ ನೋಡಿ. ಕೋಟಿಗಟ್ಟಲೆಯ ಯಂತ್ರ ನೀವು ಶಿರಸಿಯಲ್ಲಿ ತಂದಿಡಲಾರಿರಿ. ಸ್ಯಾಂಪಲ್ ತೆಗೆದು ಕಳಿಸುವುದು ನಿಮ್ಮ ಕೆಲಸ, ರಿಪೋರ್ಟ್ ಕೊಡುವುದು ಅವರದ್ದು. ಅಲ್ಲಿ ಕೊಟ್ಟ ದುಡ್ಡಿಗೆ ನಿಮ್ಮಿಂದ ಆಗದ ಒಂದು ವಸ್ತು ಸಿಗುತ್ತದೆ. ಚಹಾ ಮಾಡಲು ನಮಗೆ ಯಾರ ಅಪ್ಪಣೆ ಬೇಕು? ಹಾಲು, ಏಲಕ್ಕಿ, ಶುಂಠಿ, ಕಾಳುಮೆಣಸು ಎಲ್ಲ ಕಾಲ ಬುಡದಲ್ಲೇ ಇದೆ. ಮನೆಮನೆಯಲ್ಲಿ ತೊಡದೇವು ಎಂಬ ತೆಳು ಸಿಹಿತಿಂಡಿ ಎರೆಯುವ ಸೀಮೆಯವರು ಹೊರಗಿನವರ ವಾಫಲ್ ಮಾರಲು ಐದು ಲಕ್ಷ ಫೀ ಕಟ್ಟುವುದು ನನಗಂತೂ ನುಂಗಲಾರದ ತುತ್ತು. ಬಿಲ್ಲಿಂಗ್ ಶಿಸ್ತು, ಕೆಲಸದವರ ತರಬೇತಿ, ಒಂದೇ ರುಚಿ ಕಾಪಾಡುವ ಕ್ರಮ ಇವೆಲ್ಲ ದೊಡ್ಡವರ ಹತ್ತಿರ ಕಲಿಯಬೇಕಾದದ್ದು ನಿಜ. ಅದಕ್ಕೆ ಅಂಥ ಒಂದು ಅಂಗಡಿಯಲ್ಲಿ ಆರು ತಿಂಗಳು ಸಂಬಳಕ್ಕೆ ದುಡಿದು ಬಾ ಎಂದೆ. ಹುಡುಗನಿಗೆ ಆ ಮಾತು ಅಷ್ಟು ಹಿಡಿಸಲಿಲ್ಲ, ಮುಖ ನೋಡಿದರೇ ಗೊತ್ತಾಯಿತು.

ಮೋಸದ ವಿಷಯ ಚಿಕ್ಕದಾಗಿ ಹೇಳಿ ಬಿಡುತ್ತೇನೆ. ದೊಡ್ಡ ಬ್ರ್ಯಾಂಡುಗಳ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ 'ರಿಜಿಸ್ಟ್ರೇಷನ್ ಫೀ' ಕೀಳುವವರಿದ್ದಾರೆ. ಕಂಪನಿಯ ಆಫೀಸಿಗೆ ಹೋಗಿ ನೋಡದೆ ಒಂದು ಪೈಸೆ ಹಾಕಬೇಡಿ. ಹಾಕಿ ಸಿಕ್ಕಿಬಿದ್ದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸದ್ಯಕ್ಕೆ ಹುಡುಗ ಕಂಪನಿಗೆ ಎರಡು ಪ್ರಶ್ನೆ ಕಳಿಸಿದ್ದಾನೆ. ಮುಚ್ಚಿಹೋದ ಅಂಗಡಿಗಳ ಪಟ್ಟಿ ಕೊಡುತ್ತೀರಾ, ಜೂನ್‌ನಿಂದ ಸೆಪ್ಟೆಂಬರ್ ತನಕ ರಾಯಲ್ಟಿ ಬಿಡುತ್ತೀರಾ ಅಂತ. ದಿನಾ ಫೋನು ಮಾಡುತ್ತಿದ್ದವರು ಈಗ ಮೇಲಿನವರ ಹತ್ತಿರ ಕೇಳಿ ಹೇಳುತ್ತೇವೆ ಎಂದಿದ್ದಾರೆ. ಅಷ್ಟರಲ್ಲಿ ಕುಮಟಾ, ಹೊನ್ನಾವರ, ಕಾರವಾರ ಕಡೆ ಇಂಥ ಅಂಗಡಿ ನಡೆಸುತ್ತಿರುವವರು ಯಾರಾದರೂ ಇದನ್ನು ಓದಿದರೆ ನಿಮ್ಮ ಜುಲೈ ತಿಂಗಳ ಲೆಕ್ಕ ನನಗೊಂದು ಮೆಸೇಜ್ ಹಾಕಿ. ಬ್ರ್ಯಾಂಡಿನ ಹೆಸರು ಬೇಡ, ಅಂಕಿ ಸಾಕು.