ಅಪರಾಧ ಸೊನ್ನೆ, ಸೈಟಿಗೆ ಒಳ್ಳೆ ಬೆಲೆ

ಅಪರಾಧದ ಪ್ರಮಾಣ ಇಳಿಸಲು ಎರಡು ದಾರಿಗಳಿವೆ. ಕಳ್ಳನನ್ನು ತಡೆಯುವುದು ಒಂದು, ದೂರು ಕೊಡುವವರನ್ನು ತಡೆಯುವುದು ಇನ್ನೊಂದು. ಕಳ್ಳ ಎಲ್ಲಿರುತ್ತಾನೋ ಯಾರಿಗೂ ಗೊತ್ತಿಲ್ಲ. ದೂರುದಾರರ ಮನೆ ನಂಬರು, ಅಡ್ಡರಸ್ತೆ, ಮೊಬೈಲು ಎಲ್ಲವೂ ಸಂಘದ ಪುಸ್ತಕದಲ್ಲೇ ಇವೆ. ಹಾಗಾಗಿ ಮೈಸೂರಿನ ರಿಂಗ್ ರಸ್ತೆಯಾಚೆ, ಬೋಗಾದಿ, ಹೂಟಗಳ್ಳಿ, ಇಲವಾಲದ ಕಡೆ ಎದ್ದಿರುವ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು ಸುಲಭದ ದಾರಿ ಹಿಡಿದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಬೀಗ ಮುರಿದ ಮನೆಗೆ ಪೊಲೀಸರಿಗಿಂತ ಮೊದಲು ಬರುವವರು ಸಂಘದ ಕಾರ್ಯದರ್ಶಿ. "ಅಮ್ಮ, ಹೋಗಿದ್ದು ಹೋಯ್ತು. ಪೇಪರ್‌ನಲ್ಲಿ ಬಂದ್ರೆ ಸೈಟಿನ ರೇಟ್ ಏನಾಗ್ಬೇಕು ಹೇಳಿ? ಮೂಲೆ ಸೈಟ್ ನೋಡೋಕೆ ಬೆಂಗ್ಳೂರಿನೋರು ಬಂದು ಹೋಗವ್ರೆ, ಮುಂದಿನ ವಾರ ಅಗ್ರಿಮೆಂಟು." ಅವರ ಹಿಂದೆಯೇ ಅರ್ಧ ಬಡಾವಣೆ ಒಳಗೆ ಬರುತ್ತದೆ. ಒಬ್ಬರು ಬೀರುವಿನ ಹಿಡಿ ಎಳೆದು ನೋಡುತ್ತಾರೆ, ಇನ್ನೊಬ್ಬರು ಚೆಲ್ಲಿದ ಸೀರೆಗಳನ್ನು ಮಡಚಿಡುತ್ತಾರೆ, ಮತ್ತೊಬ್ಬರು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಬೆರೆಸುತ್ತಾರೆ. ಬೆರಳಚ್ಚು ತಜ್ಞರು ಬರುವ ಹೊತ್ತಿಗೆ ಬೀರುವಿನ ಮೇಲೆ ಇಲ್ಲದ ಗುರುತೆಂದರೆ ಕೈಗವಸು ಹಾಕಿಕೊಂಡು ಬಂದಿದ್ದ ಕಳ್ಳನದು ಮಾತ್ರ. ಶ್ವಾನದಳದ ನಾಯಿ ವಾಡಿಕೆಯಂತೆ ಮುಖ್ಯರಸ್ತೆಯವರೆಗೆ ಓಡಿ, ಬಸ್ ಸ್ಟಾಪಿನಲ್ಲಿ ನಿಂತು, ಎಲ್ಲರ ಮುಖ ನೋಡುತ್ತದೆ.

ಅಂಕಿಸಂಖ್ಯೆಯ ಭಯ ಸಂಘಕ್ಕೆ ಸುಮ್ಮನೆ ಹುಟ್ಟಿದ್ದಲ್ಲ. ಅಪರಾಧ ದರ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳು. ನಾನೂರು ಮನೆ, 1,600 ಜನರ ಬಡಾವಣೆಯಲ್ಲಿ ಒಂದು ಕಳವು ದಾಖಲಾದರೆ ದರ 62.5. ಮರುವರ್ಷ ಎರಡಾದರೆ 125, ಅಂದರೆ ಶೇ 100ರಷ್ಟು ಏರಿಕೆ! ಯಾರೂ ಒಂದು ಬಡಾವಣೆಗೆ ಹೀಗೆ ದರ ಕಟ್ಟುವುದಿಲ್ಲ, ಕಟ್ಟಿದರೂ ಅರ್ಥವಿಲ್ಲ ಎಂದು ಹೇಳಿನೋಡಿ, ಕಾರ್ಯದರ್ಶಿಗಳು ಒಪ್ಪುವುದಿಲ್ಲ. ಭಾಗಿಸಲು 2011ರ ಜನಗಣತಿಯನ್ನೇ ಹಿಡಿದರಂತೂ ಕಷ್ಟ. ಆಗ ಇಲ್ಲಿದ್ದದ್ದು ಹುರುಳಿ ಹೊಲ, ಜನಸಂಖ್ಯೆ ಸೊನ್ನೆ. ಹಾಗಂತ ಹೆಮ್ಮೆಗೇನೂ ಕೊರತೆಯಿಲ್ಲ: "ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಮಹಾನಗರಗಳ ಪಟ್ಟಿಯಲ್ಲಿ ಮೈಸೂರಿನ ಹೆಸರೇ ಇಲ್ಲ!" ನಿಜ. 20 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗಷ್ಟೇ ಆ ಪಟ್ಟಿ. ಅದೇ ಬ್ಯೂರೋ ತನ್ನ ವರದಿಯಲ್ಲಿ, ಅಪರಾಧ ಹೆಚ್ಚುವುದೇ ಬೇರೆ, ಪೊಲೀಸರು ಹೆಚ್ಚು ದಾಖಲಿಸಿಕೊಳ್ಳುವುದೇ ಬೇರೆ ಎಂದೂ ಎಚ್ಚರಿಸುತ್ತದೆ. ಆ ಪುಟ ಯಾವ ಸಂಘದ ವಾಟ್ಸ್ಆ್ಯಪ್ ಗುಂಪಿಗೂ ಇನ್ನೂ ಫಾರ್ವರ್ಡ್ ಆಗಿಲ್ಲ.

ಠಾಣೆಗೆ ಹೋಗಿಯೇ ತೀರುತ್ತೇನೆ ಎನ್ನುವ ಹಟಮಾರಿಗಳಿಗೆ ಅಲ್ಲಿಯೂ ಉಪಾಯಗಳು ಕಾದಿರುತ್ತವೆ. ಬೈಕಿನಲ್ಲಿ ಬಂದವನು ಕೈಯಿಂದ ಮೊಬೈಲ್ ಕಿತ್ತುಕೊಂಡು ಹೋದನೇ? "ಇ-ಲಾಸ್ಟ್‌ನಲ್ಲಿ ಹಾಕ್ಬುಡಿ ಸಾರ್, ಐದು ನಿಮಿಷದ ಕೆಲ್ಸ." ಇ-ಲಾಸ್ಟ್ ಎಂದರೆ ವಸ್ತು ಕಳೆದುಕೊಂಡವರಿಗಾಗಿ ಪೊಲೀಸರು ಇಟ್ಟಿರುವ ಆನ್‌ಲೈನ್ ವ್ಯವಸ್ಥೆ. ಐದು ನಿಮಿಷದಲ್ಲಿ ರಸೀದಿ ಬರುತ್ತದೆ, ಎಫ್‌ಐಆರ್ ಬರುವುದಿಲ್ಲ. ಕಿತ್ತುಕೊಂಡವನು ಕಾಗದದಿಂದಲೇ ಮಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಕಿತ್ತುಕೊಳ್ಳುವುದಕ್ಕೆಂದೇ 304ನೇ ಕಲಂ ಕೊಟ್ಟಿದೆ, ಮೂರು ವರ್ಷದವರೆಗೆ ಜೈಲು. ಅದನ್ನು ಬಳಸಲು ಹಠಾತ್ತನೆ ಇಲ್ಲವೇ ಬಲವಂತವಾಗಿ ಕಿತ್ತುಕೊಂಡರು ಎಂದು ದೂರಿನಲ್ಲಿ ಬರೆದಿರಬೇಕಷ್ಟೆ. ಸೈಕಲ್ ಕಳವಾದರೆ ಬೆಲೆ ಕಟ್ಟುವಾಗ ಹುಷಾರು. 5,000 ರೂಪಾಯಿಗಿಂತ ಕಡಿಮೆ ಮಾಲಿನ ಸಾದಾ ಕಳ್ಳತನ ಹೊಸ ಅನುಸೂಚಿಯ ಪ್ರಕಾರ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೇ ಇಲ್ಲ. "ಹಳೇ ಸೈಕಲ್ ಅಲ್ವಾ, ನಾಲ್ಕೂವರೆ ಹಾಕಿ" ಎಂಬ ವಿನಯದ ಸಲಹೆಯ ಬೆಲೆ ಇದು. ಮನೆಯೊಳಗಿಂದ ಹೋದದ್ದಾದರೆ 305ನೇ ಕಲಂ, ಅಲ್ಲಿ ಈ ರಿಯಾಯಿತಿ ಇಲ್ಲ. ಹಾಗಾಗಿ ಸೈಕಲ್ಲನ್ನು ನಡುಮನೆಯಲ್ಲಿ ನಿಲ್ಲಿಸುವುದೇ ಕ್ಷೇಮ.

ಎರಡು ಠಾಣೆಗಳ ಗಡಿ ಬಡಾವಣೆಯ ಚರಂಡಿಯ ಮೇಲೆಯೇ ಹಾದುಹೋಗಿದ್ದರೆ ಇನ್ನೊಂದು ಸೌಕರ್ಯ. ಚರಂಡಿಯ ಈಚೆ ಸರ ಕಿತ್ತು ಆಚೆ ಪರಾರಿಯಾದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ನಿರಾಕರಿಸಿದರೆ ಎಸ್ಪಿಗೆ ಅಂಚೆಯಲ್ಲಿ ಬರೆಯಬಹುದು. ಇಷ್ಟೆಲ್ಲ ಗೊತ್ತಿರುವವರನ್ನು ಸಂಘದ ಮುಂದಿನ ಚುನಾವಣೆಗೆ ನಿಲ್ಲಲು ಬಿಡುವುದಿಲ್ಲ.

ಇನ್ನು ಕ್ಯಾಮೆರಾ. ಸಂಘದ ನಿಜವಾದ ಪ್ರತಿಭೆ ಹೊಮ್ಮುವುದು ಇಲ್ಲೇ. 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ತಲಾ ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ ಸುಮಾರು 86 ಜಿಬಿ. ಕೊಟೇಷನ್ ಕಡಿಮೆ ಮಾಡಲು ಹಾಕಿದ್ದು 1 ಟಿಬಿ ಡಿಸ್ಕ್. ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಮಗಳ ಮನೆಗೆ ಹೋಗಿ ಹದಿನೈದು ದಿನ ಬಿಟ್ಟು ಬಂದವರು ಬೀಗ ಮುರಿದದ್ದು ನೋಡಿ ಓಡಿ ಬಂದರೆ, ಕಳ್ಳ ಬಂದ ರಾತ್ರಿಯ ಜಾಗದಲ್ಲಿ ಹಾಲಿನವನ ಬೆಳಗು ಸ್ಪಷ್ಟವಾಗಿ ಕಾಣುತ್ತದೆ. ಜನ ಸೇರುವ ಸ್ಥಳಗಳಿಗೆ 2017ರ ರಾಜ್ಯ ಕಾಯ್ದೆ ಕೇಳುವ 30 ದಿನದ ನೆನಪು ಬೇಕಿದ್ದರೆ 2.6 ಟಿಬಿಯಾದರೂ ಬೇಕು, ಅಂದರೆ 4 ಟಿಬಿ ಡಿಸ್ಕ್.

ಕ್ಯಾಮೆರಾ ಇಪ್ಪತ್ತಡಿ ಕಂಬದ ತುದಿಯಲ್ಲಿದೆ, ಲೆನ್ಸು 2.8 ಮಿಲಿಮೀಟರಿನದು. ಇಡೀ ರಸ್ತೆ ಕಾಣುತ್ತದೆ, ಒಂದು ಮುಖವೂ ಕಾಣುವುದಿಲ್ಲ. ಬಡಾವಣೆಯಲ್ಲಿ ಯಾರ ಯಾರ ನೆತ್ತಿಯ ಕೂದಲು ಉದುರಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ದಾಖಲೆ ಸಿಗದು. ರಾತ್ರಿ ಇನ್ಫ್ರಾರೆಡ್ ಬೆಳಕು ನಂಬರ್ ಪ್ಲೇಟಿಗೆ ಬಡಿದು ಬಿಳಿ ಚೌಕವಾಗುತ್ತದೆ. ಆ ಬೆಳಕಿಗೆ ಹುಳು, ಹುಳುವಿಗೆ ಜೇಡ. ಜೇಡ ಲೆನ್ಸಿನ ಮುಂದೆ ಬಲೆ ಕಟ್ಟಿದ ಮೇಲೆ ಚಿತ್ರ ತುಂಬ ಮಂಜು. ಪ್ಲೇಟ್ ಓದಲು ಗೇಟಿನ ಬಳಿ ಎದೆಮಟ್ಟದಲ್ಲಿ ಕಿರುನೋಟದ ಲೆನ್ಸಿನ ಒಂದೇ ಒಂದು ಕ್ಯಾಮೆರಾ ಸಾಕಿತ್ತು. ಆದರೆ ಅದು ಹಾದುಹೋಗುವ ಜನಪ್ರತಿನಿಧಿಗಳ ಕಣ್ಣಿಗೆ ಬೀಳುವುದಿಲ್ಲವಲ್ಲ. ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ 2000ದ ಜನವರಿ 1ಕ್ಕೆ ಜಾರುತ್ತದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಶತಮಾನದ ಕಳ್ಳನನ್ನು ವಿವರಿಸುವ ಹೊಣೆ ಕಾರ್ಯದರ್ಶಿಗಳದು. ಟಿವಿಯ ಕೆಳಗೆ ಮಿಣಮಿಣ ಎನ್ನುತ್ತಾ ಕೂತ ಡಿವಿಆರನ್ನೇ ಕಳ್ಳ ಹೊತ್ತೊಯ್ದರೆ ಈ ತಾಪತ್ರಯವೂ ಇಲ್ಲ.

ಗೇಟಿನಲ್ಲಿ ಸೆಕ್ಯುರಿಟಿ ಇದ್ದಾರೆ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ ಮಾದರಿ ನಿಯಮದಂತೆ ಕಾವಲುಗಾರನಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಆಗಬೇಕು. ಇಲ್ಲಿ ಆದದ್ದು ಟೋಪಿ, ಸೀಟಿ, ಒಂದು ರಿಜಿಸ್ಟರು. ಹನ್ನೆರಡು ಗಂಟೆಯ ಪಾಳಿ ಮುಗಿಸಿದ ಆ ಹಿರಿಯರು ಮನೆಕೆಲಸದ ಹೆಂಗಸರ ಹೆಸರು, ಊರು, ಸಮಯ ಬರೆಸಿಕೊಳ್ಳುತ್ತಾರೆ. ಕಾರಿನಲ್ಲಿ ಬಂದವರಿಗೆ ಸೆಲ್ಯೂಟ್. ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಕಂಡ ದಿನ ಮಾತ್ರ ಗುಂಪಿನಲ್ಲಿ ಅಲ್ಲೋಲಕಲ್ಲೋಲ: "ಕಳ್ಳರು ಮನೆ ಗುರುತು ಮಾಡವ್ರೆ!" ಅದು ಪಲ್ಸ್ ಪೋಲಿಯೊದವರು ಬರೆದ 'ಪಿ', ಮನೆಯ ಮಗುವಿಗೆ ಹನಿ ಹಾಕಿ ಆಯಿತೆಂದು. 'ಎಕ್ಸ್' ಇದ್ದರೆ ಮತ್ತೆ ಬರುತ್ತಾರೆ, ಬಾಗಿಲು ತೆಗೆಯಿರಿ.

ಕಳ್ಳನಿಗೆ ಇದ್ಯಾವುದೂ ಬೇಕಿಲ್ಲ. ಹೊರಗೆ ತೂಗುವ ದೊಡ್ಡ ಬೀಗ, ಅಂಗಳದಲ್ಲಿ ಬಿದ್ದ ಮೂರು ದಿನದ ಪೇಪರು, ರಂಗೋಲಿಯಿಲ್ಲದ ಹೊಸ್ತಿಲು, 'ಊಟಿಯಲ್ಲಿ ನಾವು' ಎಂಬ ಸ್ಟೇಟಸ್ಸು ಸಾಕು. ಮುಂದೆ ಕೆತ್ತನೆಯ ತೇಗದ ಬಾಗಿಲು. ಹಿಂದೆ, ಪಾತ್ರೆ ತೊಳೆಯುವ ಕಡೆ, ತೆಳು ಫ್ಲಶ್ ಡೋರು, ಅದರ ಚಿಲಕಕ್ಕೆ ಅರ್ಧ ಇಂಚಿನ ಸ್ಕ್ರೂ. ಒಂದು ಕಬ್ಬಿಣದ ಸಲಾಕೆ, ಎರಡು ಮೀಟು. ಅದೇ ಚಿಲಕಕ್ಕೆ ಚೌಕಟ್ಟಿನೊಳಗೆ ಮೂರಿಂಚು ಇಳಿಯುವ ಸ್ಕ್ರೂ ಹಾಕಲು ಬಡಗಿಗೆ ಅರ್ಧ ಗಂಟೆ ಸಾಕು.

ಹಿಂದಿನ ಸಾಲಿನ ಬೀದಿದೀಪಗಳು ಉರಿಯುತ್ತಿಲ್ಲ. ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ ಎನ್ನುತ್ತದೆ ಸ್ಥಳೀಯ ಸಂಸ್ಥೆ, ಡೆವಲಪರ್ ಕೇಳಿ ಎನ್ನುತ್ತದೆ ಅಭಿವೃದ್ಧಿ ಪ್ರಾಧಿಕಾರ, ಬಾಕಿ ಕಟ್ಟಿ ಎನ್ನುತ್ತದೆ ವಿದ್ಯುತ್ ಕಂಪನಿ ಸೆಸ್ಕ್, ಡೆವಲಪರ್ ಫೋನ್ ಎತ್ತುವುದಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯ ಬಂದಾಗ ಸಮಯದ ಅಭಾವವಿತ್ತು. ಪ್ರವೇಶದ್ವಾರದ ಕಮಾನಿಗೆ 'ಅಪರಾಧಮುಕ್ತ ಬಡಾವಣೆ' ಎಂದು ಬರೆಸುವ ನಿರ್ಣಯ ಮಾತ್ರ ಸರ್ವಾನುಮತದಿಂದ ಅಂಗೀಕಾರವಾಯಿತು. ಪೇಂಟಿನ ಡಬ್ಬ, ಏಣಿಗಳನ್ನು ರಾತ್ರಿ ಹೊರಗೆ ಬಿಡಕೂಡದು ಎಂದು ಖಜಾಂಚಿಗಳು ಪೇಂಟರಿಗೆ ಎರಡೆರಡು ಸಲ ಹೇಳಿದರು.