ಸ್ಪಷ್ಟನೆ: ಆಮ್ಲ ಮಣ್ಣನ್ನು ಬರೀ ತೊಳೆಯುವುದಿಲ್ಲ

ಬದಿಯಡ್ಕ, ಪೆರ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ನೀಲೇಶ್ವರ ಕಡೆಯ ಬಿಳಿ ಚೀನಾ ಮಣ್ಣಿಗೆ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ ಬೆರೆಸಿಟ್ಟರೆ ಕೊಳೆಯೆಲ್ಲ ಹೋಗಿ ತೆಂಗಿನೆಣ್ಣೆ ತಿಳಿಗೊಳಿಸುವ ಮಣ್ಣು ಸಿದ್ಧವಂತೆ; ಆಮ್ಲದಿಂದ ಯಾವ ಮಣ್ಣಿನ ಒಳರಚನೆಗೂ ಏನೂ ಆಗದಂತೆ. ಎರಡೂ ಮಾತು ತಪ್ಪು.

ಎಣ್ಣೆಯ ಬಣ್ಣ ಹೀರಿ ತಿಳಿಗೊಳಿಸಲು ಕಾರ್ಖಾನೆಗಳು ಮುಖ್ಯವಾಗಿ ಬಳಸುವುದು ಬೆಂಟೊನೈಟ್ ಎಂಬ ಜೇಡಿಮಣ್ಣನ್ನು. ಅದರ ಖನಿಜ ಮಾಂಟ್‌ಮೊರಿಲೊನೈಟ್. ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯುಮಿನಾ ಹಾಳೆ, ಇದು ಅದರ ಒಂದು ಪದರ. ಬಿಸಿ ಸಲ್ಫ್ಯೂರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ತಾಗಿದಾಗ ಮೊದಲು ಪದರಗಳ ನಡುವಿನ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಜಾಗ ಬಿಡುತ್ತವೆ, ಹೈಡ್ರೋಜನ್ ಅಯಾನುಗಳು ಬಂದು ಕೂರುತ್ತವೆ. ಬಳಿಕ ಅಂಚಿನಿಂದ ಒಳಕ್ಕೆ ನಡುಹಾಳೆಯ ಅಲ್ಯುಮಿನಿಯಂ, ಮೆಗ್ನೀಸಿಯಂ, ಕಬ್ಬಿಣ ಕರಗಿ ಹೊರಬರುತ್ತವೆ. ತೆರವಾದಲ್ಲೆಲ್ಲ ಸೂಕ್ಷ್ಮ ರಂಧ್ರಗಳು. ಗ್ರಾಮಿಗೆ 100 ಚದರ ಮೀಟರಿನೊಳಗಿದ್ದ ಮೇಲ್ಮೈ 200–300ಕ್ಕೆ ಏರಬಹುದು. ಎಕ್ಸ್-ರೇ ಪರೀಕ್ಷೆಯ ನಕ್ಷೆಯಲ್ಲಿ ಪದರಗಳನ್ನು ತೋರಿಸುವ ಶಿಖರ ಕುಗ್ಗುತ್ತದೆ. ರಚನೆಗೆ ಏನೂ ಆಗದಿದ್ದರೆ ಅದೇಕೆ ಕುಗ್ಗಬೇಕು? ಆಮ್ಲ ಅತಿಯಾದರೆ ಉಳಿಯುವುದು ಸ್ಫಟಿಕ ರೂಪವಿಲ್ಲದ ಸಿಲಿಕಾ. ಬಣ್ಣ ಹೀರುವ ಶಕ್ತಿಯೂ ಇಳಿಯುತ್ತದೆ.

ಚೀನಾ ಮಣ್ಣಿನ ಖನಿಜ ಕೆಯೊಲಿನೈಟ್ ಬೇರೆಯೇ ಜಾತಿ. ಹೈಡ್ರೋಜನ್ ಬಂಧದಿಂದ ಬಿಗಿದುಕೊಂಡ ಅದರ ಪದರಗಳು ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಸುಮಾರು 600–700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಮೆಟಾಕೆಯೊಲಿನ್ ಎಂಬ ರೂಪಕ್ಕೆ ತಂದರೆ ಅಲ್ಯುಮಿನಾ ಆಮ್ಲದಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಸುಡದ ಚೀನಾ ಮಣ್ಣಿಗೆ ಫಾರ್ಮಿಕ್ ಆಮ್ಲ ಬೆರೆಸಿಟ್ಟ ಮಾತ್ರಕ್ಕೆ ಎಣ್ಣೆ ತಿಳಿಗೊಳಿಸುವ ಮಣ್ಣು ಆಗದು.

ಸಂದೇಶದಲ್ಲಿ ಸತ್ಯದ ಎಳೆ ಇಲ್ಲದಿಲ್ಲ: ಆಮ್ಲವು ಕಬ್ಬಿಣದ ಕಲೆ ತೆಗೆದು ಮಣ್ಣನ್ನು ಬಿಳುಪಾಗಿಸಬಲ್ಲದು. ಆದರೆ ರಬ್ಬರ್ ಶೆಡ್ಡಿನ ಆಮ್ಲ ಚರ್ಮವನ್ನೇ ಸುಡುವಂಥದ್ದು. ಅದು ಬೆರೆತ ಮಣ್ಣನ್ನು ಅಡುಗೆಯೆಣ್ಣೆಗೆ ಹಾಕಬೇಡಿ.